ತಾನೇ ನೆಟ್ಟ ಕಲ್ಲು

ಬೆಳಿಗ್ಗೆ ಮುಖ ತೊಳೆದ ಕೂಡಲೇ ಪಕ್ಕದ ಮನೆಯ ಯಜಮಾನರು ಅಳತೆಯ ಉಕ್ಕಿನ ಟೇಪನ್ನು ಪೂರ್ತಿ ಹೊರಗೆಳೆದು, ಎಣ್ಣೆ ಬಟ್ಟೆಯಿಂದ ಒರೆಸಿ, ಮತ್ತೆ ಸುತ್ತಿಡುತ್ತಿದ್ದರು. ಸರ್ವೇ ಕೆಲಸದಿಂದ ನಿವೃತ್ತರಾಗಿ ಎರಡು ವರ್ಷವಾದರೂ ಅದನ್ನು ತಪ್ಪಿಸಿರಲಿಲ್ಲ. ಗೋಡೆಯ ಈಚೆ ಪ್ರಾರ್ಥನೆಗೆ ಕೂತಾಗ ಆ ಸರಸರ ಸದ್ದು ನನಗೆ ಕೇಳುತ್ತಿತ್ತು.

"ಊರಿಗೆಲ್ಲ ಅಳೆದುಕೊಟ್ರಿ, ನಮಗೆ ಮಾತ್ರ ಮೂರನೇ ಮಹಡಿ ಬಾಡಿಗೆ ಮನೆ," ಎಂದು ಹೆಂಡತಿ ಚುಚ್ಚುತ್ತಿದ್ದರು. ಮಂಡಿನೋವಿನಿಂದ ಆಕೆ ವರ್ಷದಿಂದ ಬೀದಿಗಿಳಿದಿರಲಿಲ್ಲ. ಮೆಟ್ಟಿಲಿಲ್ಲದ ಮನೆಯೊಂದೇ ಆಕೆಯ ಆಸೆ.

ಕೊನೆಗೆ, ಇದ್ದದ್ದನ್ನೆಲ್ಲ ಸುರಿದು ಒಂದು ಖಾಲಿ ಸೈಟು ಕೊಂಡರು. ಹದಿನೆಂಟು ವರ್ಷದ ಹಿಂದೆ ಅದರ ಗಡಿಕಲ್ಲು ನೆಟ್ಟವರು ಅವರೇ. ಕೊಳ್ಳುವ ಮುಂಚೆ ಅಳೆದಿರಾ ಎಂದು ಕೇಳಿದ್ದೆ. "ನಾನೇ ನೆಟ್ಟ ಕಲ್ಲು ಕಣಮ್ಮ. ಅಳೆದ್ರೆ ನನ್ನ ಮೇಲೆ ನನಗೇ ಅನುಮಾನ ಬಂದಂಗೆ," ಎಂದು ನಕ್ಕಿದ್ದರು.

ಮನೆ ಕಟ್ಟಲು ಪರವಾನಗಿ ಬೇಕೆಂದರೆ ಹೊಸದಾಗಿ ಸರ್ವೇ ಆಗಬೇಕು. ಅಳೆಯಲು ಬಂದವರು ಅವರ ಹಳೆಯ ಶಿಷ್ಯ. ಅಂದು ಹೆಂಡತಿಯೂ ಒಂದೊಂದೇ ಮೆಟ್ಟಿಲ ಮೇಲೆ ಕೂತು ಕೂತು ಇಳಿದರು. ನಾನು ಕೈ ಹಿಡಿದಿದ್ದೆ.

"ಏನ್ರೀ, ಅಡುಗೆಮನೆ ಎಲ್ಲಿ ಬರುತ್ತೆ?" ಎಂದು ಸೈಟು ತಲುಪಿದ ಕೂಡಲೇ ಆಕೆ ಕೇಳಿದರು.

ಶಿಷ್ಯ ಬೀದಿ ಮೂಲೆಯಿಂದ ಎರಡನೇ ಸಲ ಅಳೆಯುತ್ತಿದ್ದರು. ಕಲ್ಲಿನಿಂದ ಕಲ್ಲಿಗೆ ಮೂವತ್ತು ಅಡಿ ಅಗಲವಿದ್ದರೂ ಸೈಟಿಗೆ ನಿಜವಾಗಿ ಸೇರಿದ್ದು ಹದಿನೆಂಟೇ. ಮಾರಿದವನು ಎಡಗಡೆಯ ಹನ್ನೆರಡು ಅಡಿಯನ್ನು ಆ ಕಡೆಯ ಮನೆಯವರಿಗೆ ಮೊದಲೇ ಮಾರಿ, ಬಲಗಡೆಯ ಕಲ್ಲನ್ನು ಅಷ್ಟೇ ದೂರ ಪಕ್ಕದ ಖಾಲಿ ಸೈಟಿನೊಳಕ್ಕೆ ಸರಿಸಿದ್ದ. ಈಗ ಅವನ ಫೋನೂ ಸಿಗುತ್ತಿಲ್ಲ. ಕಲ್ಲಿನ ಮೇಲೆ ಇವರು ಕೊರೆದ ಗುರುತು ಹಾಗೇ ಇತ್ತು.

"ಹದಿನೆಂಟಡಿಗೆ ಪರವಾನಗಿ ಸಿಗಲ್ಲ ಸಾರ್," ಎಂದರು ಶಿಷ್ಯ.

ಅವರು ಕಲ್ಲಿನ ಪಕ್ಕ ಕುಕ್ಕರಿಸಿದರು. ನಾನು ಮನಸ್ಸಿನಲ್ಲೇ ದೇವರನ್ನು ಕರೆದೆ.

ಶಿಷ್ಯ ತಗ್ಗಿದ ದನಿಯಲ್ಲಿ, "ನಕ್ಷೆಯಲ್ಲಿ ಈ ಕಲ್ಲನ್ನೇ ಗಡಿ ಅಂತ ತೋರಿಸಿಬಿಡ್ತೀನಿ. ನೀವು ನೆಟ್ಟ ಕಲ್ಲು ಅಂದ್ರೆ ಯಾರೂ ಕೇಳಲ್ಲ," ಎಂದರು.

"ಪಕ್ಕದ ಸೈಟು ಯಾರದು?"

"ಯಾರೋ ನರ್ಸಮ್ಮನದು. ಅವರೂ ಅಳೆಸಿಲ್ಲ. ಕಲ್ಲು ನೀವು ನೆಟ್ಟಿದ್ದು ಅಂತ ಕೇಳಿ, ನಂಬಿ ತಗೊಂಡ್ರಂತೆ."

ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದರು. ಮೂರು ಮಹಡಿ ಮತ್ತೆ ಹತ್ತಬೇಕಿತ್ತು.

"ಬೇಡಪ್ಪ," ಎಂದರು ಅವರು. "ಟೇಪ್ ಸುತ್ತು."