ಮುಂದಿನ ಸೀಟಿನ ಲಾರ್ಡುಗಳು

ಇಂಗ್ಲೆಂಡಿನ ಮೀನು ಬಂದರು ಗ್ರಿಮ್ಸ್‌ಬಿಯ ಕ್ಲಿಫರ್ಡ್ ಒಗ್ಡೆನ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ಅಪ್ಪನ ಮೀನಿನ ವ್ಯಾನು ಅವನ ಕೈಯಲ್ಲಿತ್ತು. ಅಷ್ಟು ಸಾಕೆಂದು ಹಾಡುಗಾರ ಡೆಸ್ಮಂಡ್ ಮತ್ತು ಡ್ರಮ್ಮಿನ ನೆವಿಲ್ ಅವನನ್ನು ಸೇರಿಸಿಕೊಂಡು, ಲಂಡನ್ನಿನ ಮುಖವನ್ನೇ ನೋಡದೆ, ಅಲ್ಲಿನ ಸಿರಿವಂತರ ಬಡಾವಣೆಯ ಹೆಸರಲ್ಲಿ 'ಮೇಫೇರ್ ಲಾರ್ಡ್ಸ್' ಎಂಬ ತಂಡ ಕಟ್ಟಿದರು.

"ನೀನು ಗಿಟಾರ್ ಹಿಡ್ಕೊಂಡು ತಲೆ ಆಡಿಸ್ತಿರು ಸಾಕು, ಸದ್ದು ನಾವು ಮಾಡ್ತೀವಿ" ಎಂದಿದ್ದ ಡೆಸ್ಮಂಡ್.

1964ರಲ್ಲಿ ಅವರ ಒಂದು ಹಾಡು ರೇಡಿಯೊದಲ್ಲಿ ಬಂತು. ಹುಡುಗಿಯರು ಕಿರುಚಿ ಡೆಸ್ಮಂಡ್‌ನ ಅಂಗಿಯ ಗುಂಡಿ ಕಿತ್ತರು. ಅಂದಿನಿಂದ ಅವನು ವ್ಯಾನಿನ ಹಿಂದೆ ಮೀನಿನ ನಾತದಲ್ಲಿ ಕೂರಲೊಲ್ಲ.

"ಜನ ನೋಡೋಕೆ ಬರೋದು ನನ್ನ ಮುಖ. ನಾನು ಮುಂದೇನೇ ಕೂರೋದು."

"ಹಂಗಾದ್ರೆ ಬಾನೆಟ್ ಮೇಲೆ ಕೂತ್ಕೊ, ಚೆನ್ನಾಗಿ ಕಾಣುತ್ತೆ!" ಎಂದ, ಕ್ಲಿಫರ್ಡ್ ಪಕ್ಕ ಇದ್ದ ಒಂದೇ ಸೀಟನ್ನು ಹಿಡಿದಿದ್ದ ನೆವಿಲ್.

ಕಾರ್ಯಕ್ರಮಕ್ಕೆಂದು ಲಿಂಕನ್ ಊರಿಗೆ ಹೋಗುವ ದಾರಿಯಲ್ಲಿ ಇಬ್ಬರೂ ಕೈಕೈ ಮಿಲಾಯಿಸಿದರು. "ಡ್ರೈವರ್, ಇವನನ್ನ ಕೆಳಗಿಳ್ಸು!" ಎಂದು ಡೆಸ್ಮಂಡ್ ಕೂಗಿದ. ಆ 'ಡ್ರೈವರ್' ಎಂಬ ಮಾತು ಕ್ಲಿಫರ್ಡ್‌ಗೆ ಚುಚ್ಚಿತು. ಇಬ್ಬರು ಲಾರ್ಡುಗಳನ್ನೂ ಡ್ರಮ್ಮಿನ ಸಮೇತ ರಸ್ತೆಬದಿಗೆ ಇಳಿಸಿ, ಸಿಳ್ಳೆ ಹಾಕುತ್ತ ಮನೆಗೆ ಬಂದ.

ಸಂಗೀತದ ಕುರಿತ ಭಿನ್ನಾಭಿಪ್ರಾಯದಿಂದ ತಂಡ ಒಡೆಯಿತೆಂದು ಪತ್ರಿಕೆ ಬರೆಯಿತು. ಕ್ಲಿಫರ್ಡ್‌ನ ಅಮ್ಮ ಅದನ್ನು ಎರಡು ಸಲ ಓದಿದಳು.

"ಸಂಗೀತಾನಾ? ಅದು ಯಾವಾಗಿತ್ತೋ ನಿಮ್ಹತ್ರ?"