ಕೈಗೆಟುಕದ ಹೆಸರು

ಕೋಣನಕುಂಟೆಯ ತಿಮ್ಮಕ್ಕ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಎದುರು ಹೂ ಕಟ್ಟಿ ಮಾರಿ ಬದುಕಿದವಳು. ಗಂಡ ಬೇಗ ತೀರಿಕೊಂಡ. ಒಬ್ಬನೇ ಮಗ ಯುವರಾಜ ಆ ಹೂವಿನ ಬುಟ್ಟಿಯ ಪಕ್ಕದಲ್ಲೇ ಕೂತು ಓದಿ ದೊಡ್ಡವನಾದ. ಪಿಯುಸಿ ಮುಗಿದ ಮೇಲೆ ತಾಯಿಗೂ ಹೇಳದೆ ಸೇನೆಯ ಭರ್ತಿಗೆ ಹೋಗಿ, ಓಡಿ, ಗೆದ್ದು, ಆಮೇಲೆ ಮನೆಗೆ ಬಂದು ಹೇಳಿದ. ಉತ್ತರದ ಗಡಿಯಲ್ಲಿ ಹಿಮ ಕುಸಿದು ಅವನು ಸತ್ತಾಗ, ಕಲ್ಯಾಣಿಯ ಕೈಹಿಡಿದು ಇನ್ನೂ ವರ್ಷ ತುಂಬಿರಲಿಲ್ಲ.

ಪೆಟ್ಟಿಗೆ ಬಂದ ದಿನ ಕೋಣನಕುಂಟೆ ಕ್ರಾಸಿನ ತುಂಬ ಫ್ಲೆಕ್ಸ್ ಕಟ್ಟಿದ್ದರು. ಪೆಟ್ಟಿಗೆ ತೆಗೆಯೋ ಹಾಗಿಲ್ಲ ಅಂದರು. ತಿಮ್ಮಕ್ಕ ಬಾವುಟದ ಮೇಲೆ ಕೈಯಾಡಿಸಿ ಮಗನನ್ನು ಕಳಿಸಿಕೊಟ್ಟಳು.

ಕೆಲವು ವರ್ಷ ಕಳೆದ ಮೇಲೆ ಕಲ್ಯಾಣಿಗೆ ಇನ್ನೊಂದು ಮದುವೆ ಮಾಡಿಸಿದವಳೂ ಅವಳೇ. ಹುಡುಗ ನಿಂಗರಾಜ, ಬನಶಂಕರಿಯಲ್ಲಿ ಸ್ಕೂಲ್ ವ್ಯಾನ್ ಓಡಿಸುವವನು. ಕಲ್ಯಾಣಿ ಒಲ್ಲೆ ಅಂದಾಗ ತಿಮ್ಮಕ್ಕ, "ನಿನ್ನ ವಯಸ್ಸಲ್ಲಿ ನಾನು ಒಂಟಿ ಆದೋಳು ಕಣಮ್ಮ. ಅದು ಬ್ಯಾಡ ನಿಂಗೆ," ಅಂದಿದ್ದಳು. ಈಗ ಅವಳಿಗೊಂದು ಹೆಣ್ಣು ಮಗು. ಆದರೂ ಹಬ್ಬಕ್ಕೆ ಬರುತ್ತಾಳೆ, ಅತ್ತೆ ಅಂತಲೇ ಕರೆಯುತ್ತಾಳೆ.

ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಬ್ರಿಟಿಷರ ಕಾಲದ ಒಂದು ಯುದ್ಧ ಸ್ಮಾರಕವಿದೆ. ಅದರ ಪಕ್ಕ ಕರಿಕಲ್ಲಿನ ಗೋಡೆ ಎಬ್ಬಿಸಿ ಈಚೆಗೆ ಮಡಿದ ಸೈನಿಕರ ಹೆಸರು ಕೆತ್ತಿಸಿದಾಗ ತಿಮ್ಮಕ್ಕನಿಗೂ ಕರೆ ಬಂದಿತ್ತು. ಶಾಮಿಯಾನದಡಿ ಕೂರಿಸಿ, ಶಾಲು ಹೊದಿಸಿ, ದೂರದಿಂದಲೇ ಬೆರಳು ಮಾಡಿ ತೋರಿಸಿದ್ದರು. ಓದು ಬಾರದವಳು, ಗೋಡೆಯನ್ನೇ ನೋಡಿ ಕೈಮುಗಿದು ಬಂದಿದ್ದಳು.

ಆಮೇಲೆ ಸಕ್ಕರೆ ಕಾಯಿಲೆ ಒಂದು ಕಣ್ಣನ್ನು ತಿಂದಿತು, ಹಿಂದೆಯೇ ಇನ್ನೊಂದನ್ನು. ಹೂ ಕಟ್ಟುವುದಕ್ಕೆ ಕಣ್ಣೇನೂ ಬೇಕಿರಲಿಲ್ಲ. ಆದರೆ ಮನೆಯ ಗೋಡೆಯ ಮೇಲಿನ ಮಗನ ಫೋಟೋ ಕಾಣದೆ ಹೋಯಿತು. ಫೋಟೋ ಹೋದ ಮೇಲೆ ಮನಸ್ಸಿನೊಳಗಿನ ಮುಖವೂ ಮಬ್ಬಾಗತೊಡಗಿತು. ಈ ಸಲ ಯುಗಾದಿಗೆ ಬಂದ ಕಲ್ಯಾಣಿಗೆ ಅವಳು ಹೇಳಿದಳು:

"ಪೆಟ್ಟಿಗೇಲಿ ಮುಟ್ಟೋಕೆ ಬಿಡ್ಲಿಲ್ಲ. ಆ ಕಲ್ಲಲ್ಲಾದ್ರೂ ಒಂದ್ಸಲ ಮುಟ್ಬೇಕು ಕಣಮ್ಮ. ಕರ್ಕೊಂಡು ಹೋಗ್ತೀಯಾ?"

ಮುಂದಿನ ವಾರ ಇಬ್ಬರೂ ಮೆಟ್ರೋ ಹತ್ತಿದರು. ಮೆಜೆಸ್ಟಿಕ್ಕಿನಲ್ಲಿ ಜನ ನೂಕಿದರು. ಕಲ್ಯಾಣಿ ಅತ್ತೆಯ ತೋಳನ್ನು ಬಿಗಿಯಾಗಿ ಹಿಡಿದೇ ಇನ್ನೊಂದು ರೈಲು ಹತ್ತಿಸಿದಳು.

"ಗಂಡಂಗೆ ಏನಂತ ಹೇಳಿ ಬಂದೆ?" ತಿಮ್ಮಕ್ಕ ಕೇಳಿದಳು.

"ನಿಜಾನೇ ಹೇಳ್ದೆ ಅತ್ತೆ. ಹೋಗ್ಬಾ ಅಂದ್ರು. ಮಗೂನ ಸ್ಕೂಲಿಂದ ಕರ್ಕೊಳ್ಳೋ ಹೊತ್ತಿಗೆ ಬಂದ್ಬಿಡು ಅಂದ್ರು."

ಸ್ಮಾರಕದ ಗೇಟಿನಲ್ಲಿ ಕಾವಲಿಗಿದ್ದವನು ಸಿದ್ದಲಿಂಗಯ್ಯ, ಸೇನೆಯಿಂದ ನಿವೃತ್ತನಾದವನು. ವಿಷಯ ಕೇಳಿದವನೇ ತಾನೇ ಮುಂದಾಗಿ ಕರೆದೊಯ್ದ. ಗೋಡೆಯ ಮುಂದೆ ನಿಂತು ಕಲ್ಯಾಣಿ ಸಾಲುಸಾಲಾಗಿ ಹೆಸರು ಹುಡುಕಿದಳು.

"ಸಿಕ್ತಾ?"

"ಸಿಕ್ತು ಅತ್ತೆ."

"ಓದಮ್ಮ."

ಎರಡನೇ ಮದುವೆಯಾದ ಮೇಲೆ ಕಲ್ಯಾಣಿ ಆ ಹೆಸರನ್ನು ಯಾರ ಎದುರೂ ಬಾಯಿ ಬಿಟ್ಟು ಹೇಳಿರಲಿಲ್ಲ. "ಯುವರಾಜ್," ಅಂದಳು.

ತಿಮ್ಮಕ್ಕ ಕೈ ಚಾಚಿದಳು. ಬಿಸಿಲಿಗೆ ಕಾದ ಕಲ್ಲು, ಅದರ ಮೇಲೆ ಯಾವುದೋ ಅಕ್ಷರ. "ಇದಾ?"

"ಅಲ್ಲ ಅತ್ತೆ. ಮೇಲಿದೆ."

ತುದಿಗಾಲಲ್ಲಿ ನಿಂತಳು. "ಇದಾ?"

"ಇನ್ನೂ ಮೇಲೆ."

ಕಲ್ಯಾಣಿ ಸೆರಗು ಸಿಕ್ಕಿಸಿ, ಸೊಂಟ ಬಳಸಿ ಅವಳನ್ನು ಎತ್ತಿದಳು. ಮುದುಕಿ ಹಗುರವೇ ಇದ್ದಳು. ಆದರೂ ಬೆರಳಿಗೆ ಸಿಕ್ಕಿದ್ದು ಸಾಲುಗಳ ನಡುವಿನ ನುಣ್ಣನೆ ಕಲ್ಲು. ಕಲ್ಯಾಣಿಯ ತೋಳು ನಡುಗುವುದು ಗೊತ್ತಾಗಿ ತಿಮ್ಮಕ್ಕನೇ, "ಇಳ್ಸು, ಸೊಂಟ ಹಿಡ್ಕೊಂಡೀತು," ಅಂದಳು.

"ಒಂದು ಸ್ಟೂಲ್ ಕೊಡಿ ಅಣ್ಣ," ಕಲ್ಯಾಣಿ ಬೇಡಿದಳು.

"ಗೋಡೆ ಹತ್ರ ಏನೂ ಇಡಂಗಿಲ್ಲಮ್ಮ. ಕ್ಯಾಮೆರಾ ಇದೆ. ಹೋದ ತಿಂಗ್ಳು ಯಾರೋ ಹಾರ ಹಾಕೋಕೆ ಏಣಿ ತಂದ್ರು ಅಂತ ನನ್ನ ಜೊತೆಯವನ್ನ ಕೆಲ್ಸದಿಂದ ತೆಗೆದ್ರು." ಅವನ ದನಿ ಇಳಿದಿತ್ತು. "ಆಫೀಸಲ್ಲಿ ಕೇಳಿ ನೋಡ್ತೀನಿ, ಇರಿ."

ಹೋದ, ಫೋನಿನಲ್ಲಿ ಯಾರೊಂದಿಗೋ ಸಾರ್ ಸಾರ್ ಅಂದ, ತಿರುಗಿ ಬಂದ. ಆಗಲ್ಲವಂತೆ. ಹೇಳಿ ಅಲ್ಲೇ ನಿಂತ. ಆಮೇಲೆ ತಿಮ್ಮಕ್ಕನ ಕೈ ಹಿಡಿದು ಕೆಳಗಿನ ಸಾಲಿನ ಕಡೆ ತಂದ. "ಇದನ್ನೇ ನಿಮ್ಮ ಮಗನ್ದು ಅಂದ್ಕೊಂಡು ಮುಟ್ಟಿ ತಾಯಿ. ಎಲ್ಲಾ ಒಂದೇ."

"ಯಾರ್ದಪ್ಪ ಇದು?"

"ಗೌರೀಶಂಕರ ಅಂತಿದೆ."

"ಯಾವೂರಂತೆ?"

"ಊರು ಹಾಕಿಲ್ಲ."

ತಿಮ್ಮಕ್ಕ ಕೈ ಹಿಂದಕ್ಕೆಳೆದುಕೊಂಡಳು. "ಬ್ಯಾಡಪ್ಪ. ಅವನ್ನ ಹೆತ್ತೋಳು ಬಂದು ಮುಟ್ಲಿ."

ಗೋಡೆಯ ಬುಡದಲ್ಲಿ ಕುಸಿದು ಕೂತಳು. ರಸ್ತೆಯಲ್ಲಿ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ಯಾರೋ ಹುಡುಗಿಯರು ಬಂದು ನಗುನಗುತ್ತಾ ಫೋಟೋ ತೆಗೆಸಿಕೊಂಡು ಹೋದರು. ಅಳು ಬರುತ್ತದೆಂದು ತಿಮ್ಮಕ್ಕ ಕಾದಳು, ಬರಲಿಲ್ಲ. ಕಲ್ಯಾಣಿಯ ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು.

"ಅತ್ತೆ, ಸ್ಕೂಲ್ ಬಿಡೋ ಹೊತ್ತಾಯ್ತು."

"ಹೂಂ, ನಡಿ. ಮಗು ಕಾಯ್ತದೆ."

ವಾಪಸ್ ಬರುವಾಗ ರೈಲಿನಲ್ಲಿ ಯಾರೋ ಸೀಟು ಬಿಟ್ಟುಕೊಟ್ಟರು. ಪಕ್ಕದಲ್ಲಿ ನಿಂತ ಕಲ್ಯಾಣಿ ಅಳುತ್ತಿದ್ದಾಳೆಂದು ಮೂಗೆಳೆದುಕೊಳ್ಳುವ ಸದ್ದಿನಲ್ಲೇ ತಿಮ್ಮಕ್ಕನಿಗೆ ತಿಳಿಯಿತು. ಅವಳ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಕಲ್ಯಾಣಿ ಅವಳನ್ನು ಮನೆಗೆ ಮುಟ್ಟಿಸಿ, ನೀರು ತುಂಬಿಟ್ಟು, ಓಡಿದಳು. ಮತ್ತೆ ಹೋಗೋಣ ಅಂತ ಅವಳೂ ಅನ್ನಲಿಲ್ಲ, ಇವಳೂ ಕೇಳಲಿಲ್ಲ. ಸಂಜೆ ಪಕ್ಕದ ಮನೆಯ ಅಣ್ಣಮ್ಮ ಬಾಗಿಲಲ್ಲಿ ನಿಂತು ಕೇಳಿದಳು:

"ಮುಟ್ದ್ಯಾ ತಿಮ್ಮಕ್ಕ?"

"ಇಲ್ಲ ಕಣೆ. ಎತ್ತರದಲ್ಲಿ ಬರೆದವ್ರೆ."

"ಎತ್ತರದಲ್ಲಿದ್ರೆ ಒಳ್ಳೇದೇ ಅಲ್ವಾ. ಮರ್ಯಾದೆ ಅದು."

ತಿಮ್ಮಕ್ಕ ತಡವಿ ಹೂವಿನ ಬುಟ್ಟಿಯನ್ನು ಹತ್ತಿರಕ್ಕೆಳೆದುಕೊಂಡಳು. ಆಮೇಲೆ "ಹೂಂ," ಅಂದಳು.