ಬೀಗರ ಮನೆಯಲ್ಲಿ ಅವ್ವ ಕುಡಿಯದ ನೀರು

ಸ್ನೇಹಿತರೇ, ಇವತ್ತು ಹೊಳಲಿನಿಂದ ಅವ್ವನನ್ನು ಮಂಡ್ಯದ ಅಕ್ಯುಪಂಕ್ಚರ್ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಅವಳಿಗೆ ಮೂತ್ರ ತಡೆಯಲಾಗುವುದಿಲ್ಲ ಎಂದು ನನಗೆ ಗೊತ್ತಾಗಿದ್ದೇ ಹೋದ ತಿಂಗಳು.

ಪಾದದ ಗಂಟಿನ ಮೇಲೆ ಸೂಜಿ ಚುಚ್ಚುತ್ತಾ ಡಾಕ್ಟರಮ್ಮ, "ಎಷ್ಟು ವರ್ಷದಿಂದ ಹೀಗಿದೆಯಮ್ಮ?" ಎಂದರು.

"ಇವಳ ಮದ್ವೆಗಿಂತ ಮುಂಚಿಂದ್ಲೂವೆ ಕಣವ್ವ. ಅದ್ಕೇ ಬೀಗ್ರ ಮನೇಲಿ ತೊಟ್ಟು ನೀರೂ ಕುಡೀತಿರ್ನಿಲ್ಲ. ವಾಪಸ್ ಬಸ್ಸಲ್ಲಿ ಸೀರೆ ಒದ್ದೆಯಾದ್ರೆ ಏನ್ ಮಾಡಾದು?"

ಮಳವಳ್ಳಿಯ ನಮ್ಮ ಮನೆಗೆ ಬಂದಾಗಲೆಲ್ಲ ಅವ್ವ, ಅತ್ತೆ ಕೊಟ್ಟ ನೀರಿನ ಲೋಟವನ್ನು ಮುಟ್ಟದೆ ಎದ್ದು ಹೋಗುತ್ತಿದ್ದಳು. "ನಿಮ್ಮವ್ವಂಗೆ ನಮ್ಮನೆ ನೀರೂ ಸೇರಾಕಿಲ್ಲ ಬುಡು" ಎಂದು ಅತ್ತೆ ನೊಂದುಕೊಳ್ಳುತ್ತಿದ್ದರು. "ಅಷ್ಟು ಜಂಬ ಇದ್ದರೆ ಬರಲೇಬೇಡ" ಎಂದು ಒಂದು ದಿನ ನಾನೇ ಅವ್ವನಿಗೆ ಹೇಳಿದೆ. ಅವಳು ಬರುವುದನ್ನೇ ಬಿಟ್ಟಳು. ಹೋದ ವರ್ಷ ಅತ್ತೆ ತೀರಿಕೊಂಡರು.

"ಆವತ್ತೇ ಹೇಳಬಾರದಿತ್ತಾ ಅವ್ವ?" ಎಂದೆ.

"ಬೀಗಿತ್ತಿ ಮುಂದೆ ಇಂಥಾದ್ನೆಲ್ಲ ಯೋಳಕ್ಕಾದದಾ? ಅದ್ಕಿಂತ ಜಂಬಗಾತಿ ಅನ್ನುಸ್ಕೊಳ್ಳಾದೇ ವಾಸಿ ಕಣಮ್ಮ."

ಸಂಜೆ ಅವ್ವ ನನ್ನ ಜೊತೆ ಮಳವಳ್ಳಿಗೆ ಬಂದಳು. ರಾತ್ರಿ ಇಲ್ಲೇ ಉಳಿಯುವುದರಿಂದ ಬಸ್ಸಿನ ಭಯವಿರಲಿಲ್ಲ. ಅತ್ತೆಯ ಫೋಟೋದ ಎದುರು ಕೂತು, ತಾನಾಗಿಯೇ ನೀರು ಕೇಳಿ, ಪೂರ್ತಿ ಚೊಂಬು ಕುಡಿದಳು. "ಕುಡುದ್ನಲ್ಲ ಬುಡು ಬೀಗಿತ್ತಿ" ಎಂದು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

ಸೂಜಿಯಿಂದ ಗುಣವಾಗುತ್ತೋ ಇಲ್ಲವೋ ತಿಳಿಯಲು ಇನ್ನೂ ಹತ್ತು ಸಲ ಹೋಗಬೇಕಂತೆ, ಹೋಗುತ್ತೇವೆ. ಅವ್ವ ನೀರು ಕುಡಿದಿದ್ದನ್ನು ನೋಡಬೇಕಾಗಿದ್ದವರು ಮಾತ್ರ ಗೋಡೆಯ ಮೇಲಿದ್ದಾರೆ.